ನಾಯಿಗೆ ದಪ್ಪ ಹಾಸಿಗೆ ಬೇಡ, ಮಡಚುವ ಮಂಚ ಮಾಡಿಕೊಡಿ

ಮಾನ್ಯ ಸಂಪಾದಕರೇ,

ಮಳೆಗಾಲದಲ್ಲಿ ನಾಯಿ-ಬೆಕ್ಕುಗಳನ್ನು ನೋಡಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಅಂಗಡಿಯಲ್ಲಿ ಕುಳಿತು ಎರಡು ಸಲ ಓದಿದೆ. ಲಸಿಕೆ, ಉಣುಗಿನ ಔಷಧಿ, ಮೈ ಒರೆಸುವುದು ಎಲ್ಲ ಸರಿಯಾಗಿಯೇ ಇತ್ತು. ಆದರೆ ಮಲಗಲು ದಪ್ಪನೆಯ ಮೆತ್ತನೆ ಹಾಸಿಗೆ ಹಾಕಿ ಎಂಬ ಮಾತು ನಮ್ಮ ಕರಾವಳಿಗೆ ಹೊಂದುವುದಿಲ್ಲ. ಇಂಥದೇ ಮಾತು ನಂಬಿ ಹಿಂದೆ ನಾನೇ ಒಂದು ಮಳೆಗಾಲವಿಡೀ ನಮ್ಮ ನಾಯಿಗೆ ಕಷ್ಟ ಕೊಟ್ಟಿದ್ದೇನೆ. ಹಾಗಾಗಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಓದಬೇಕು.

ನಾನು ಅಂಕೋಲೆಯವ. ಮೂವತ್ತೊಂದು ವರ್ಷದಿಂದ ರಿಕ್ಷಾ ಹುಡ್, ಬೈಕಿನ ಸೀಟ್ ಕವರ್, ಲಾರಿ ಮತ್ತು ದೋಣಿಗಳ ತಾಡಪಾಲು ಹೊಲಿಯುವುದೇ ನನ್ನ ಕಸುಬು. ಬಟ್ಟೆಗೆ ನೀರು ಏನು ಮಾಡುತ್ತದೆ, ಉಪ್ಪು ಗಾಳಿ ಏನು ಮಾಡುತ್ತದೆ ಎಂಬುದನ್ನು ದಿನವೂ ಕೈಯಲ್ಲಿ ಹಿಡಿದು ನೋಡುವವ. ಜೂನ್ ಎರಡನೇ ವಾರ ಕಳೆಯಿತೆಂದರೆ ನಮ್ಮ ಕಡೆ ಒಣಗಿದ್ದು ಎಂಬುದೇ ಇರುವುದಿಲ್ಲ. ಟ್ರಂಕಿನೊಳಗಿನ ಸೀರೆಗೆ ಬೂಷ್ಟು, ಮೊಳೆಗೆ ತೂಗಿಸಿದ ಬೆಲ್ಟಿಗೆ ಬೂಷ್ಟು. ಸಿಮೆಂಟ್ ನೆಲ ಒಳಗಿಂದಲೇ ಬೆವರುತ್ತದೆ. ಅಂಥ ನೆಲದ ಮೇಲೆ ಹತ್ತಿ ಹಾಸಿಗೆ ಹಾಕಿದರೆ ನಾಯಿ ಅಂಗಳಕ್ಕೆ ಹೋಗಿ ಬಂದು ಒದ್ದೆ ಮೈಯಲ್ಲೇ ಸುತ್ತಿಕೊಂಡು ಮಲಗುತ್ತದೆ. ಮೇಲಿನ ನೀರು ಹತ್ತಿಯೊಳಗೆ ಇಳಿಯುತ್ತದೆ, ಕೆಳಗಿನ ತೇವವೂ ಅದಕ್ಕೇ ಏರುತ್ತದೆ. ಮೂರನೇ ದಿನಕ್ಕೆ ವಾಸನೆ, ವಾರ ಕಳೆಯುವುದರೊಳಗೆ ಅಡಿಯಲ್ಲಿ ಕಪ್ಪು ಚುಕ್ಕೆ. ಒಣಗಿಸಲು ಬಿಸಿಲಿಲ್ಲ. ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಮನೆಯವರ ಬಟ್ಟೆಗೇ ಜಾಗ ಸಾಲದು. ಗೋಣಿಚೀಲದ ಕಥೆಯೂ ಇದೇ, ಅದು ಇನ್ನೂ ಬೇಗ ಕೊಳೆಯುತ್ತದೆ.

ನಮ್ಮ ಕೆಂಚಿಗೆ ಈಗ ಹನ್ನೆರಡು ವರ್ಷ. ಊರನಾಯಿ, ಹದಿನೆಂಟು ಕಿಲೋ ತೂಕ. ವಯಸ್ಸಾದಂತೆ ಮೈಯಲ್ಲಿ ಮಾಂಸ ಕಡಿಮೆಯಾಗಿ ಎಲುಬು ಎದ್ದು ಕಾಣತೊಡಗಿತು. ಒಂದು ದಿನ ಮೈ ಸವರುವಾಗ ಎಡ ಮುಂಗಾಲಿನ ಮೊಣಕೈ ಹತ್ತಿರ ನಿಂಬೆಕಾಯಿ ಗಾತ್ರದ ಮೆತ್ತನೆ ಗುಳ್ಳೆ ಕೈಗೆ ತಾಗಿತು. ಒತ್ತಿದರೆ ಒಳಗೆ ನೀರು ಆಡಿದ ಹಾಗೆ. ಬಲಗಾಲಿನಲ್ಲಿ ಕೂದಲು ಉದುರಿ ಚರ್ಮ ಜಡ್ಡುಗಟ್ಟಿ ಬೂದು ಬಣ್ಣಕ್ಕೆ ತಿರುಗಿತ್ತು. ಪಶುವೈದ್ಯರು ನೋಡಿ, ಗಟ್ಟಿ ನೆಲಕ್ಕೆ ಎಲುಬು ಮತ್ತೆಮತ್ತೆ ತಾಗಿ ಆದದ್ದು, ಸೂಜಿ ಚುಚ್ಚಿ ನೀರು ತೆಗೆದರೆ ಕೀವಾಗುವ ಭಯವಿದೆ, ಮೊದಲು ಮಲಗುವ ಜಾಗ ಬದಲಿಸಿ ಅಂದರು. ಕೊಟ್ಟಿಗೆಯಲ್ಲಿ ಹಸುವಿನ ಮೊಣಕಾಲು ತರಚಬಾರದೆಂದು ರಬ್ಬರ್ ಮ್ಯಾಟ್ ಹಾಕುವ ಊರು ನಮ್ಮದು. ಜಗಲಿಯಲ್ಲಿ ಹನ್ನೆರಡು ವರ್ಷ ಕಾವಲು ಕಾದವಳ ಮೊಣಕೈಯನ್ನು ನಾವು ಒಂದು ದಿನವೂ ನೋಡಿರಲಿಲ್ಲ.

ನೆಲದಿಂದ ಎತ್ತರಿಸಿ ಕಟ್ಟಿದ ಬಿಗಿ ಬಟ್ಟೆಯ ಮಂಚ ಇದಕ್ಕೆ ಸರಿಯಾದ ಉಪಾಯ. ಭಾರವೆಲ್ಲ ಒಂದೇ ಎಲುಬಿನ ಮೇಲೆ ಬೀಳದೆ ಬಟ್ಟೆಯುದ್ದಕ್ಕೂ ಹಂಚಿಹೋಗುತ್ತದೆ. ಕೆಳಗೆ ಗಾಳಿಯಾಡುತ್ತದೆ, ಕಸಪೊರಕೆಯೂ ಹೋಗುತ್ತದೆ. ನೀರು ಬಿದ್ದರೆ ನಿಲ್ಲುವುದಿಲ್ಲ. ಅದು ಮಡಚುವಂತೆಯೂ ಇರಬೇಕು, ಏಕೆಂದರೆ ನಮ್ಮಂಥವರ ಮನೆಯಲ್ಲಿ ಜಗಲಿ ಎಂದರೆ ಒಂದೇ: ಹಗಲು ಜನ ಕೂರಬೇಕು, ಸಂಜೆ ಮಕ್ಕಳು ಓದಬೇಕು, ರಾತ್ರಿ ನಾಯಿ ಮಲಗಬೇಕು.

ಮೂರು ಮಳೆಗಾಲದ ಹಿಂದೆ ಮಗಳು ಆನ್‌ಲೈನ್‌ನಲ್ಲಿ ಇಂಥದ್ದೊಂದು ತರಿಸಿದಳು. ನೋಡಲು ಚಂದವಿತ್ತು. ಕಾಲುಗಳು ಒಂದು ಸಣ್ಣ ಸ್ಪ್ರಿಂಗ್ ಗುಂಡಿಯ ಹಿಡಿತದಲ್ಲಿ ನಿಲ್ಲುತ್ತಿದ್ದವು. ಒಂಬತ್ತನೆಯ ದಿನ ಗುಡುಗಿಗೆ ಬೆದರಿ ಕೆಂಚಿ ಹಾರಿ ಅದರ ಅಂಚಿಗೆ ಬಂದಳು. ಗುಂಡಿ ಜಾರಿತು, ಕಾಲು ಒಳಕ್ಕೆ ಮಡಚಿತು, ಎರಡು ಪೈಪುಗಳ ನಡುವೆ ಅವಳ ಬಾಲ ಸಿಕ್ಕಿಕೊಂಡಿತು. ಆ ಕೂಗು ಇನ್ನೂ ಕಿವಿಯಲ್ಲಿದೆ. ಬಾಲದ ಗಾಯ ಎರಡು ವಾರಕ್ಕೆ ಮಾಯಿತು. ಆದರೆ ಆಮೇಲೆ ಒಂದು ತಿಂಗಳು ಅವಳು ಕಾಲಿರುವ ಯಾವ ವಸ್ತುವಿನ ಹತ್ತಿರವೂ ಸುಳಿಯಲಿಲ್ಲ, ಕುರ್ಚಿ ಎಳೆದರೂ ಅಂಗಳಕ್ಕೆ ಓಡುತ್ತಿದ್ದಳು. ಮಾರಿದವರಿಗೆ ಮಗಳು ಮೂರು ಸಲ ಬರೆದಳು, ಉತ್ತರ ಬರಲಿಲ್ಲ. ಅಂದೇ ನಿರ್ಧರಿಸಿದೆ, ಇದನ್ನು ನಾನೇ ಮಾಡುತ್ತೇನೆ, ಬೇಕಾದಾಗ ಮಡಚಬೇಕು, ಬೇಡವಾದಾಗ ಏನೇ ಆದರೂ ಮಡಚಬಾರದು ಎಂದು.

ಮೊದಲ ಮಂಚಕ್ಕೆ ಅಂಗಡಿಯಲ್ಲಿ ಉಳಿದಿದ್ದ ರೆಕ್ಸಿನ್ ಹಾಕಿದೆ. ಅದು ತಪ್ಪು. ರೆಕ್ಸಿನ್‌ನಿಂದ ನೀರು ಇಳಿಯುವುದಿಲ್ಲ, ಹೊಟ್ಟೆಯಡಿ ಹೊಂಡದಂತೆ ನಿಲ್ಲುತ್ತದೆ. ಜೊತೆಗೆ ಎರಡೂ ಬದಿಯಲ್ಲಿ ಪೈಪ್ ತೂರಿಸಲು ಹೊಲಿದ ಗೂಡು ನಾಲ್ಕೇ ದಿನಕ್ಕೆ ಕಿತ್ತುಬಂತು. ಲಾರಿ ತಾಡಪಾಲಿಗೆ ಹಾಕುವ ಹೊಲಿಗೆಯದು, ಹದಿನೆಂಟು ಕಿಲೋಗೆ ಹೇಗೆ ಕಿತ್ತಿತು ಎಂದು ಬಹಳ ಯೋಚಿಸಿದೆ. ಬಟ್ಟೆ ಒಣಗಿಸುವ ಹಗ್ಗ ನೋಡಿದಾಗ ತಿಳಿಯಿತು. ಹಗ್ಗವನ್ನು ಜೋಲು ಬಿಟ್ಟು ಕಟ್ಟಿದರೆ ಒಂದು ಒದ್ದೆ ಕಂಬಳಿ ಹಾಕಿದರೂ ಕಂಬಕ್ಕೆ ಅಷ್ಟೇನೂ ಎಳೆತವಿಲ್ಲ. ತಂತಿಯಂತೆ ಬಿಗಿದರೆ ಅದೇ ಕಂಬಳಿ ಕಂಬವನ್ನೇ ಬಗ್ಗಿಸುತ್ತದೆ. ಮಂಚದ ಬಟ್ಟೆಯೂ ಹಾಗೆಯೇ. ಬಿಗಿಯಾದಷ್ಟೂ ಹೊಲಿಗೆಯ ಮೇಲೆ ಬೀಳುವ ಎಳೆತ ನಾಯಿಯ ತೂಕಕ್ಕಿಂತ ಎಷ್ಟೋ ಹೆಚ್ಚು. ಆದ್ದರಿಂದ ಈಗ ಬಿಗಿಯುವಾಗ ಕೆಂಚಿ ಮಲಗಿದರೆ ನಡುವೆ ಎರಡು ಇಂಚು ಇಳಿಯುವಷ್ಟು ಸಡಿಲ ಬಿಡುತ್ತೇನೆ. ಗೂಡಿನ ಅಂಚಿಗೆ ಒಂದೂವರೆ ಇಂಚಿನ ನೈಲಾನ್ ಪಟ್ಟಿ ಮಡಚಿಟ್ಟು ಮೂರು ಸಾಲು ಹೊಲಿಗೆ ಹಾಕುತ್ತೇನೆ. ದಾರ ಪಾಲಿಯೆಸ್ಟರ್‌ದೇ ಆಗಬೇಕು. ಹತ್ತಿ ದಾರ ಹಾಕಿದರೆ ಬಟ್ಟೆ ಗಟ್ಟಿಯಿದ್ದೂ ದಾರ ಕೊಳೆತು ಬಾಯಿ ಬಿಡುತ್ತದೆ.

ಎರಡನೆಯದಕ್ಕೆ ಬಲೆ ಹಾಕೋಣವೆಂದು ಮೀನುಗಾರರ ಊರು ಬೇಲೆಕೇರಿಗೆ ಹೋದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಆಗ ದಡದಲ್ಲಿ ಬಲೆ ದುರಸ್ತಿಯ ಕೆಲಸ. ಅಲ್ಲೊಬ್ಬ ಹಿರಿಯರಿಗೆ ಹೇಳಿದಾಗ ಅವರು ಸೂಜಿ ನಿಲ್ಲಿಸದೆಯೇ, "ತಮ್ಮಾ, ಬಲೆ ಇರುವುದೇ ಸಿಕ್ಕಿಸಲಿಕ್ಕೆ. ನಾಯಿಯ ಉಗುರು ಬಿಡುತ್ತದೆಯಾ?" ಅಂದರು. ಆದರೂ ಕೇಳದೆ ಹಳೆಯ ಬಲೆ ತಂದು ಎರಡು ಪದರ ಕಟ್ಟಿದೆ. ಕೆಂಚಿ ಹಾಸಿಗೆ ಕೆರೆದು ಮಲಗುವ ಜಾತಿಯವಳು. ಮೊದಲ ರಾತ್ರಿಯೇ ಎರಡು ಉಗುರು ಸಿಕ್ಕಿ ನಾನೇ ಕತ್ತರಿ ಹಿಡಿದು ಬಿಡಿಸಬೇಕಾಯಿತು. ಆಮೇಲೆ ಅದೇ ಹಿರಿಯರು ಬೇರೊಂದು ವಿದ್ಯೆ ಹೇಳಿಕೊಟ್ಟರು: ಬಟ್ಟೆಯ ತಲೆ ಮತ್ತು ಕಾಲ ಕಡೆ ಗೂಡು ಹೊಲಿಯಬೇಡ, ರಿಂಗ್ ಹೊಡೆದು ನೈಲಾನ್ ಹಗ್ಗದಲ್ಲಿ ಅಡಿಯಿಂದ ಬಿಗಿ. ಬಟ್ಟೆ ಜೋತಾಗ ಹಗ್ಗ ಎಳೆದರೆ ಸಾಕು, ತೊಳೆಯಬೇಕಾದಾಗ ಬಿಚ್ಚಿದರೆ ಆಯಿತು. ತಾಡಪಾಲಿಗೆ ದಿನಾ ರಿಂಗ್ ಹೊಡೆಯುವ ನನಗೆ ಇದು ಹೊಳೆದಿರಲಿಲ್ಲ. ರಿಂಗ್ ಮಾತ್ರ ಹಿತ್ತಾಳೆಯದು ಬೇಕು, ಕಬ್ಬಿಣದ್ದು ಒಂದೇ ಮಳೆಗೆ ತುಕ್ಕು ಕಾರಿ ಬಟ್ಟೆ ತಿನ್ನುತ್ತದೆ. ಈಗ ನಾನು ಹಾಕುತ್ತಿರುವುದು ಹೊರಗಿಡುವ ಕುರ್ಚಿಗಳಿಗೆ ಬರುವ ಸಣ್ಣ ಕಣ್ಣಿನ ಜಾಳಿಗೆ ಬಟ್ಟೆ. ಉಗುರು ಸಿಕ್ಕುವುದಿಲ್ಲ, ಬಕೆಟ್ ನೀರು ಸುರಿದರೂ ಕ್ಷಣದಲ್ಲಿ ಇಳಿದುಹೋಗುತ್ತದೆ. ಅಡಿಕೆ ಸಸಿಗೆ ನೆರಳು ಕೊಡುವ ಹಸಿರು ಬಲೆ ಅಗ್ಗವೆಂದು ಯಾರೂ ಅದನ್ನು ಹಾಕಬೇಡಿ, ಹದಿನೈದು ದಿನವೂ ಬಾಳುವುದಿಲ್ಲ.

ಪೈಪಿನ ವಿಷಯಕ್ಕೆ ಬರುತ್ತೇನೆ. ಕಡಲಿಗೆ ಎರಡು ಕಿಲೋಮೀಟರ್‌ಗಿಂತ ಹತ್ತಿರ ಇರುವವರು ಕಬ್ಬಿಣದ ಪೈಪಿಗೆ ಬಣ್ಣ ಬಳಿದು ಸಮಾಧಾನ ಪಟ್ಟುಕೊಳ್ಳಬಾರದು. ಜಿಐ ಪೈಪ್ ಒಳ್ಳೆಯದು, ಆದರೆ ಅದನ್ನು ವೆಲ್ಡಿಂಗ್ ಮಾಡಿಸಿದರೆ ಮೇಲಿನ ಸತುವಿನ ಲೇಪ ಸುಟ್ಟುಹೋಗಿ ತುಕ್ಕು ಅಲ್ಲಿಂದಲೇ ಶುರು. ಆ ಹೊಗೆ ವೆಲ್ಡಿಂಗ್ ಮಾಡುವವನ ಎದೆಗೂ ಕೆಟ್ಟದ್ದು. ನಾನು ಒಂದಿಂಚಿನ ಅಲ್ಯೂಮಿನಿಯಂ ಪೈಪ್ ತೆಗೆದುಕೊಂಡು ತೂತು ಕೊರೆದು ಸ್ಟೀಲ್ ಬೋಲ್ಟ್ ಹಾಕಿದೆ. ಐದು ತಿಂಗಳ ನಂತರ ಬಿಚ್ಚಿ ನೋಡಿದರೆ ಬೋಲ್ಟಿನ ಸುತ್ತ ಸುಣ್ಣದಂಥ ಬಿಳಿ ಪುಡಿ, ತೂತು ಅಗಲವಾಗಿ ಬೋಲ್ಟ್ ಅಲ್ಲಾಡುತ್ತಿತ್ತು. ಉಪ್ಪು ತೇವದಲ್ಲಿ ಈ ಎರಡು ಲೋಹ ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದಂತೆ, ಯಾಂತ್ರಿಕ ದೋಣಿಯ ಮೆಕ್ಯಾನಿಕ್ ಒಬ್ಬರು ವಿವರಿಸಿದರು. ಈಗ ನಡುವೆ ನೈಲಾನ್ ವಾಷರ್ ಮತ್ತು ತೂತಿನೊಳಗೆ ಸಣ್ಣ ಪ್ಲಾಸ್ಟಿಕ್ ನಳಿಗೆ ಹಾಕಿದ್ದೇನೆ. ತಾನಾಗಿ ಸಡಿಲವಾಗದ, ಒಳಗೆ ನೈಲಾನ್ ಬಳೆಯಿರುವ ನಟ್ ಸಿಗುತ್ತದೆ, ಅದನ್ನೇ ಕೇಳಿ ತೆಗೆದುಕೊಳ್ಳಬೇಕು.

ಇನ್ನು ಮಡಚುವ ಬಗೆ. ಅರ್ಧಕ್ಕೆ ಮಡಚುವ ಮಂಚ ಮಾಡಲು ಹೋಗಿ ನಾನು ಎರಡು ತಿಂಗಳು ಕಳೆದುಕೊಂಡೆ. ಅರ್ಧಕ್ಕೆ ಮಡಚಬೇಕಾದರೆ ನಡುವೆ ಕೀಲು ಬೇಕು, ಕೀಲಿಗೆ ಆಧಾರವಾಗಿ ಅಡ್ಡಪಟ್ಟಿ ಬೇಕು, ಆ ಪಟ್ಟಿ ನೇರ ನಾಯಿಯ ಸೊಂಟದಡಿ ಬರುತ್ತದೆ. ಯಾವ ಎಲುಬನ್ನು ಉಳಿಸಲು ಹೊರಟೆವೋ ಅದಕ್ಕೇ ಗಟ್ಟಿ ತಾಗುತ್ತದೆ. ಹಳೆಯ ಕಾಲದ ಕ್ಯಾನ್ವಾಸ್ ಮಂಚದಂತೆ ಕತ್ತರಿಗಾಲು ಹಾಕಿದರೆ ಮನುಷ್ಯನಿಗೆ ಸರಿ. ಮನುಷ್ಯ ನಡುವೆ ಕುಳಿತು ಆಮೇಲೆ ಕಾಲು ಚಾಚುತ್ತಾನೆ. ನಾಯಿ ಹಾಗಲ್ಲ, ಮುಂದಿನ ಎರಡು ಕಾಲನ್ನು ಅಂಚಿಗೆ ಊರಿ ಭಾರವೆಲ್ಲ ಅಲ್ಲೇ ಹಾಕಿ ಹತ್ತುತ್ತದೆ. ಮಂಚದ ಕಾಲು ಅಂಚಿನಿಂದ ಒಳಗಿದ್ದರೆ ಆ ಕಡೆ ಮಗುಚಿತೆಂದೇ ಲೆಕ್ಕ.

ಕೊನೆಗೆ ನಿಂತದ್ದು ಇದು: ಚೌಕಟ್ಟು ಮಡಚುವುದೇ ಇಲ್ಲ, ಕಾಲು ಮಾತ್ರ ಮಡಚುತ್ತದೆ. ತಲೆಯ ಕಡೆ ಒಂದು, ಬಾಲದ ಕಡೆ ಒಂದು, ಲಾಳದ ಆಕಾರದ ಎರಡು ಕಾಲು. ಎರಡೂ ಒಳಮುಖವಾಗಿ ಬಟ್ಟೆಯಡಿಗೆ ಮಡಚಿಕೊಳ್ಳುತ್ತವೆ. ಬಿಚ್ಚಿದಾಗ ನೆಟ್ಟಗೆ ನಿಲ್ಲದೆ ತುಸು ಹೊರಕ್ಕೆ ಓರೆಯಾಗಿ ಹೋಗಿ ಒಂದು ಗಟ್ಟಿ ತಡೆಗೆ ಒರಗುತ್ತವೆ, ನೆಲ ಮುಟ್ಟುವ ಜಾಗ ಚೌಕಟ್ಟಿನ ಅಂಚಿಗೆ ಸರಿಯಾಗಿ ಬರುತ್ತದೆ. ಮೇಲಿನಿಂದ ಭಾರ ಬಿದ್ದಷ್ಟೂ ಕಾಲು ತೆರೆಯುವ ದಿಕ್ಕಿಗೇ ಒತ್ತುತ್ತದೆ, ಮಡಚುವ ದಿಕ್ಕಿಗಲ್ಲ. ಸ್ಪ್ರಿಂಗ್ ಗುಂಡಿಯ ಭರವಸೆ ಬೇಕಿಲ್ಲ. ಆದರೂ ನಾನು ಎರಡೂ ಕಾಲಿಗೆ ಒಂದೊಂದು ಕೊಕ್ಕೆ ಹಾಕಿದ್ದೇನೆ, ಯಾರಾದರೂ ಎಳೆದು ಸರಿಸುವಾಗ ಇರಲಿ ಎಂದು. ಎರಡು ಪೈಪ್ ಅಕ್ಕಪಕ್ಕ ಬಂದು ಕೂಡುವಲ್ಲಿ ನನ್ನ ಹೆಬ್ಬೆರಳು ಸಲೀಸಾಗಿ ಹೋಗುವಷ್ಟು ಸಂದಿ ಬಿಟ್ಟಿದ್ದೇನೆ. ಬಾಲವೋ ಪಾದವೋ ಮಗುವಿನ ಬೆರಳೋ ಅಲ್ಲಿ ಸಿಕ್ಕಿ ಜಜ್ಜುವುದಿಲ್ಲ. ಮಡಚಿದರೆ ಮೂರು ಇಂಚು ದಪ್ಪ, ಬಾಗಿಲ ಹಿಂದೆ ನಿಲ್ಲುತ್ತದೆ. ಪೈಪಿನ ತುದಿಗೆ ಊರುಗೋಲಿಗೆ ಹಾಕುವ ರಬ್ಬರ್ ಬುಷ್. ಇದನ್ನು ಮರೆಯಲೇಬಾರದು, ಇಲ್ಲವಾದರೆ ಒದ್ದೆ ಟೈಲ್ಸಿನ ಮೇಲೆ ಮಂಚ ಜಾರುತ್ತದೆ ಮತ್ತು ಒಮ್ಮೆ ಜಾರಿದ ಮಂಚವನ್ನು ನಾಯಿ ಮತ್ತೆ ನಂಬುವುದಿಲ್ಲ.

ಅಳತೆ ತೆಗೆಯುವುದು ನಾಯಿ ನಿಂತಾಗಲ್ಲ, ಮಧ್ಯಾಹ್ನ ಕಾಲು ಚಾಚಿ ಮೈಮರೆತು ಮಲಗಿದಾಗ. ಮೂಗಿನಿಂದ ಬಾಲದ ಬುಡದವರೆಗೆ ಅಳೆದು ಅರ್ಧ ಗೇಣು ಸೇರಿಸಬೇಕು. ಅಗಲಕ್ಕೆ ಬೆನ್ನಿನಿಂದ ಚಾಚಿದ ಪಾದದವರೆಗೆ. ಕೆಂಚಿಗೆ 40 ಇಂಚು ಉದ್ದ, 26 ಇಂಚು ಅಗಲ ಬಂತು. ಎತ್ತರ ಏಳು ಇಂಚು. ಇದಕ್ಕಿಂತ ಎತ್ತರವಾದರೆ ಸೊಂಟ ನೋವಿನ ಮುದಿ ನಾಯಿ ಹತ್ತುವುದಿಲ್ಲ. ತೀರಾ ತಗ್ಗಿಸಿದರೆ ಮಾಡಿನ ನೀರು ಚಿಮ್ಮಿ ಬಟ್ಟೆಯಡಿ ತಾಗುತ್ತದೆ, ಮೈಭಾರಕ್ಕೆ ಜೋತ ಬಟ್ಟೆಯೂ ನೆಲ ಮುಟ್ಟೀತು. ಬೆಕ್ಕಿಗೆ ಬೇರೆ ಲೆಕ್ಕ. ಅದಕ್ಕೆ ಜೋತ ಬಟ್ಟೆಯೇ ಇಷ್ಟ, ನಡುವೆ ತಗ್ಗಿದ್ದರೆ ಸುಖವಾಗಿ ಮಲಗುತ್ತದೆ. ಕಚ್ಚುವ ವಯಸ್ಸಿನ ಮರಿಗಳಿಗೆ ಇದನ್ನು ಕೊಡಬೇಡಿ, ಹಗ್ಗ ತಿಂದುಬಿಡುತ್ತವೆ.

ಶಿರಸಿ ಕಡೆಯವರು ಇದನ್ನು ಹೀಗೇ ಮಾಡಬೇಕೆಂದೇನಿಲ್ಲ. ಅಕ್ಕನ ಮನೆ ಇರುವುದು ಅಲ್ಲಿ, ತೋಟದ ನಡುವೆ. ನನ್ನ ಮಂಚ ನೋಡಿದ ಭಾವ, ಪೈಪ್ ಯಾಕೆ, ಅಡಿಕೆ ದಬ್ಬೆ ಇಲ್ಲವೇ ಅಂದರು. ಬಿದ್ದ ಮರದ ದಬ್ಬೆಯನ್ನು ಎರಡು ಬೆರಳಗಲಕ್ಕೆ ಸೀಳಿ, ಒಳಗಿನ ತಿರುಳು ಕೆರೆದು ತೆಗೆದು, ಪ್ರತಿಯೊಂದಕ್ಕೂ ಮೂರು ತೂತು ಕೊರೆದು ಹಗ್ಗದಲ್ಲಿ ಪೋಣಿಸಿದರು. ಚಾಪೆಯಂತೆ ಸುತ್ತಿಡಬಹುದು, ಬಿಚ್ಚಿ ಎರಡು ಹಲಗೆಯ ಮೇಲೆ ಹಾಸಿದರೆ ಮಂಚ. ದಬ್ಬೆಯ ನಾರು ಸೂಜಿಯಂತೆ ಚುಚ್ಚುವುದರಿಂದ ಅಂಚುಗಳನ್ನು ಮರಳು ಕಾಗದದಿಂದ ಉಜ್ಜಲು ಅವರಿಗೆ ಎರಡು ದಿನ ಹಿಡಿಯಿತು. ಅದು ಬಟ್ಟೆಯಷ್ಟು ಮೆತ್ತಗಿಲ್ಲ, ಮೇಲೊಂದು ಕಂಬಳಿ ತುಂಡು ಹಾಕಲೇಬೇಕು. ಘಟ್ಟದ ಮೇಲೆ ಚಳಿಗಾಲದಲ್ಲಿ ನನ್ನ ಮಂಚಕ್ಕೂ ಕಂಬಳಿ ಬೇಕು. ಸೆಕೆಯಲ್ಲಿ ಸುಖ ಕೊಡುವ ಅಡಿಯ ಗಾಳಿಯೇ ಚಳಿಯಲ್ಲಿ ಹೊಟ್ಟೆಗೆ ತಾಗುತ್ತದೆ.

ಆ ಕಡೆಯವರ ಇನ್ನೊಂದು ಚಿಂತೆ ಉಣುಗಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಭಯ ಸಿದ್ದಾಪುರದ ಕಡೆ ಪ್ರತಿ ಬೇಸಿಗೆಗೂ ಇರುತ್ತದೆ. ಕಾಡಿಗೆ ಹೋಗಿಬರುವ ನಾಯಿ ಉಣುಗನ್ನು ಮನೆಗೆ ತರಬಹುದು. ಮಂಚ ಅದನ್ನು ತಡೆಯುವುದಿಲ್ಲ, ಔಷಧಿಯೇ ಬೇಕು. ಆದರೆ ಹಾಸಿಗೆಯ ಹೊಲಿಗೆ ಸಂದಿಯಲ್ಲಿ ಅಡಗುವ ಉಣುಗು, ಕೆಲವೇ ಹೊಲಿಗೆಯ ಬಿಗಿ ಬಟ್ಟೆಯಲ್ಲಿ ಕಣ್ಣಿಗೆ ಬೀಳುತ್ತದೆ. ಬಿಸಿನೀರು ಹಾಕಿ ತಿಕ್ಕಲೂ ಸುಲಭ.

ಮಡಚುವ ಮಂಚದ ಬಗ್ಗೆ ಇಷ್ಟು ಹೇಳಲು ನನಗೆ ಇನ್ನೊಂದು ಕಾರಣವಿದೆ. ನಮ್ಮ ಮನೆ ಗಂಗಾವಳಿಯ ಸಮೀಪ. 2019ರ ಆಗಸ್ಟ್‌ನಲ್ಲಿ ಹೊಳೆ ಉಕ್ಕಿದಾಗ ಸೊಂಟದೆತ್ತರ ನೀರಿನಲ್ಲಿ ಕೆಂಚಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಬಂದೆವು. ಶಾಲೆಯಲ್ಲಿ ಕಾಳಜಿ ಕೇಂದ್ರ ತೆರೆದಿದ್ದರು. ಒಳಗೆ ಜನರಿಗೇ ಜಾಗ ಸಾಲದು, ನಾಯಿಯನ್ನು ಒಳಗೆ ಬಿಡಿ ಎಂದು ಕೇಳಲು ನನಗೂ ಬಾಯಿ ಬರಲಿಲ್ಲ. ಅವಳು ಹೊರ ಜಗಲಿಯ ಒದ್ದೆ ಸಿಮೆಂಟಿನ ಮೇಲೆ ರಾತ್ರಿಯಿಡೀ ಮಲಗಲೇ ಇಲ್ಲ. ಕೂರುವುದು, ತಣ್ಣಗೆ ತಾಗಿದೊಡನೆ ಏಳುವುದು, ಮತ್ತೆ ಕೂರುವುದು. ನಸುಕಿನಲ್ಲಿ ಪಕ್ಕದ ಕೇರಿಯ ಅಜ್ಜಿಯೊಬ್ಬರು ತಾವು ಹೊದ್ದು ಬಂದ ಕಂಬಳಿಕೊಪ್ಪೆಯನ್ನು ತಂದು ಅವಳ ಕೆಳಗೆ ಹಾಸಿದರು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂತು, ಮತ್ತೆ ಅದೇ ಶಾಲೆ, ಅದೇ ಜಗಲಿ. ನೀರು ಏರುತ್ತಿರುವಾಗ ನಾಯಿಯ ಮಲಗುವ ಜಾಗದ ಬಗ್ಗೆ ಯೋಚಿಸಲು ಯಾರಿಗೂ ಪುರಸೊತ್ತಿರುವುದಿಲ್ಲ. ಬಾಗಿಲ ಹಿಂದೆ ಮೂರೂವರೆ ಕಿಲೋದ ಒಂದು ವಸ್ತು ನಿಂತಿದ್ದರೆ ಯೋಚಿಸಬೇಕಾಗಿಯೇ ಇಲ್ಲ, ಕೈಗೆ ಸಿಕ್ಕಿಸಿಕೊಂಡು ಹೊರಡಬಹುದು. ಅದಕ್ಕಾಗಿಯೇ ನನ್ನ ಮಂಚದ ಚೌಕಟ್ಟಿಗೆ ಭುಜಕ್ಕೆ ಹಾಕುವ ಪಟ್ಟಿ ಹೊಲಿದಿದ್ದೇನೆ. ಮನೆಯಲ್ಲಿ ಎಲ್ಲರೂ ನಕ್ಕರು, ನಾನು ತೆಗೆಯಲಿಲ್ಲ.

ಪತ್ರಿಕೆಯ ಮೂಲಕ ನನ್ನ ವಿನಂತಿ ಎರಡು. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಮಕ್ಕಳಿಗೆ ಪ್ರತಿವರ್ಷ ಪ್ರಾಜೆಕ್ಟ್ ಇರುತ್ತದಲ್ಲ, ಒಂದು ತಂಡವಾದರೂ ಇದನ್ನು ಎತ್ತಿಕೊಳ್ಳಲಿ. ಕಾಲಿನ ಓರೆ ಎಷ್ಟಿರಬೇಕು, ನಲವತ್ತು ಕಿಲೋ ನಾಯಿಗೆ ಪೈಪಿನ ದಪ್ಪ ಎಷ್ಟು ಬೇಕು ಎಂಬುದನ್ನು ನಾನು ಕಣ್ಣಂದಾಜಿನಲ್ಲಿ ಮಾಡಿದ್ದೇನೆ, ಅವರು ಲೆಕ್ಕ ಹಾಕಿ ಸರಿಪಡಿಸಬಲ್ಲರು. ಎರಡನೆಯದು, ಮಳೆಗಾಲಕ್ಕೆ ಮೊದಲು ಕಾಳಜಿ ಕೇಂದ್ರಗಳಿಗೆ ಸಾಮಾನು ಪಟ್ಟಿ ಮಾಡುವ ಅಧಿಕಾರಿಗಳು ಒಂದೊಂದು ಕೇಂದ್ರಕ್ಕೆ ನಾಲ್ಕು ಇಂಥ ಮಂಚ ಸೇರಿಸಲಿ. ಹೊಲಿಗೆ ನಾನು ಮಾಡಿಕೊಡುತ್ತೇನೆ, ಕೂಲಿ ಬೇಡ, ಬಟ್ಟೆ ಪೈಪ್ ತಂದುಕೊಟ್ಟರೆ ಸಾಕು. ದಡದಲ್ಲಿ ಬಲೆ ಕಟ್ಟುವ ಇಬ್ಬರು ಹಗ್ಗ ಬಿಗಿದುಕೊಡಲು ಒಪ್ಪಿದ್ದಾರೆ.

ಕೆಂಚಿ ಈ ನಾಲ್ಕನೆಯ ಮಂಚಕ್ಕೆ ಹತ್ತಲು ಹನ್ನೊಂದು ದಿನ ತೆಗೆದುಕೊಂಡಳು. ಮೊದಲು ಕಾಲು ಮಡಚಿಟ್ಟು ನೆಲದ ಮೇಲೆಯೇ ಚಪ್ಪಟೆಯಾಗಿ ಹಾಕಿ ಅದರ ಮೇಲೆ ಊಟ ಕೊಟ್ಟೆವು. ಆಮೇಲೆ ಒಂದೊಂದೇ ಇಟ್ಟಿಗೆಯಷ್ಟು ಎತ್ತರಿಸಿದೆವು. ಹನ್ನೊಂದನೆಯ ರಾತ್ರಿ ಏಳು ಇಂಚಿನ ಮೇಲೆ ಮುಂಗಾಲಿಟ್ಟು ಬಹಳ ಹೊತ್ತು ನಮ್ಮ ಮುಖ ನೋಡಿ, ಮೆಲ್ಲಗೆ ಹತ್ತಿ, ಮೂರು ಸುತ್ತು ಸುತ್ತಿ ಮಲಗಿದಳು. ಎಡ ಮೊಣಕೈಯ ಗುಳ್ಳೆ ಈಗ ನೆಲ್ಲಿಕಾಯಿಯಷ್ಟಕ್ಕೆ ಇಳಿದಿದೆ.

ಅಳತೆ ಬರೆದ ಚಿತ್ರವನ್ನು ಬೇರೆ ಹಾಳೆಯಲ್ಲಿ ಮಗಳ ಕೈಯಿಂದ ಬರೆಸಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಸಾಲದಿದ್ದರೆ ನನ್ನ ಪತ್ರದ ಯಾವ ಭಾಗವನ್ನು ಬೇಕಾದರೂ ತೆಗೆಯಿರಿ, ಆ ಚಿತ್ರವನ್ನು ಮಾತ್ರ ಅಚ್ಚು ಮಾಡಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಾಡಪಾಲು ಹೊಲಿಯುವವ, ಅಂಕೋಲಾ